ಆರೈಕೆ ಮಾಡುವವರಿಗೂ ಒಂದಿಷ್ಟು ಬಿಡುವು

ಕಾಯಿಲೆ ಬಿದ್ದವರನ್ನು ನೋಡಲು ನೀವೆಲ್ಲರೂ ಒಂದಲ್ಲ ಒಂದು ಮನೆಗೆ ಹೋಗಿರುತ್ತೀರಿ. ಅರ್ಧ ಡಜನ್ ಬಾಳೆಹಣ್ಣನ್ನೋ ಒಂದು ಪೊಟ್ಟಣ ಬ್ರೆಡ್ಡನ್ನೋ ಹಿಡಿದು ಹೋಗುವುದು ನಮ್ಮಲ್ಲಿ ರೂಢಿ. ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, "ಈಗ ಹೇಗಿದ್ದೀರಿ? ಊಟ ಸೇರುತ್ತದೆಯೇ? ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ವಿಚಾರಿಸುತ್ತೇವೆ. ಅಷ್ಟು ಹೊತ್ತಿಗೆ ಒಳಗಿನಿಂದ ಯಾರೋ ಒಬ್ಬರು ಕಾಫಿ ತಂದುಕೊಡುತ್ತಾರೆ. ಲೋಟ ಹಿಂದಿರುಗಿಸಿ, ನಾಲ್ಕು ಸಮಾಧಾನದ ಮಾತು ಹೇಳಿ ಎದ್ದು ಬರುತ್ತೇವೆ. ಆ ಕಾಫಿ ತಂದುಕೊಟ್ಟವರು ಯಾರು? ಅವರಿಗೆ ಊಟ ಸೇರುತ್ತಿದೆಯೇ? ಅವರು ರಾತ್ರಿ ನಿದ್ದೆ ಮಾಡಿದ್ದಾರೆಯೇ? ಇದನ್ನು ನಾವು ಕೇಳುವುದಿಲ್ಲ. ಕೇಳಬೇಕೆಂದು ನಮಗೆ ತೋಚುವುದೂ ಇಲ್ಲ.

ಇಂದಿನ ಮಾತುಕತೆ ಅವರ ಬಗ್ಗೆ. ಮನೆಯಲ್ಲಿರುವ ವೃದ್ಧರನ್ನು, ದೀರ್ಘಕಾಲದ ರೋಗಿಗಳನ್ನು, ಅಂಗವಿಕಲ ಮಕ್ಕಳನ್ನು ಹಗಲು ರಾತ್ರಿ ನೋಡಿಕೊಳ್ಳುವ ಮನೆಯವರಿಗೆ ಆರೈಕೆದಾರರು ಎನ್ನೋಣ. ಅವರ ಕೆಲಸವನ್ನು ಕೆಲವು ಗಂಟೆಗಳ ಕಾಲ ಬೇರೊಬ್ಬರು ಮನೆಗೇ ಬಂದು ವಹಿಸಿಕೊಂಡು, ಅವರಿಗೆ ಬಿಡುವು ಮಾಡಿಕೊಡುವ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ 'ರೆಸ್ಪೈಟ್ ಕೇರ್' ಎಂದು ಹೆಸರು. ನಾವು ಇದನ್ನು ಬಿಡುವಿನ ಆರೈಕೆ ಎಂದು ಕರೆಯಬಹುದು.

ಒಂದು ಮನೆಯ ಕಥೆ

ಈ ವಿಷಯ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪೇಟೆ. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ನಮ್ಮ ಅಜ್ಜಿಗೆ, ಅಂದರೆ ತಂದೆಯ ತಾಯಿಗೆ, ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ತಂದೆ ಬಸ್ ಕಂಡಕ್ಟರ್. ರಾತ್ರಿ ಪಾಳಿಯಿದ್ದರೆ ಮರುದಿನ ಮಧ್ಯಾಹ್ನವೇ ಮನೆಗೆ ಬರುತ್ತಿದ್ದುದು. ಅಕ್ಕನಿಗೆ ಮದುವೆಯಾಗಿತ್ತು. ಹೀಗಾಗಿ ಅಜ್ಜಿಯ ಕೆಲಸವೆಲ್ಲ ನಮ್ಮ ತಾಯಿಯ ಪಾಲಿಗೆ ಬಂತು. ಬೆಳಗ್ಗೆ ಬೆಡ್‌ಪ್ಯಾನ್ ಇಡುವುದರಿಂದ ಹಿಡಿದು, ಮೈ ಒರೆಸುವುದು, ಗಂಜಿ ಕುಡಿಸುವುದು, ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸುವುದು, ರಾತ್ರಿ ಎರಡು ಮೂರು ಸಲ ಎದ್ದು ನೋಡುವುದು, ಎಲ್ಲವೂ ಅವರದೇ. ಇದು ನಾಲ್ಕು ವರ್ಷ ನಡೆಯಿತು.

ನಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಮೂರನೆಯ ವರ್ಷದಲ್ಲಿ ಒಂದು ದಿನ ಅವರು ನನ್ನನ್ನು ಕೇಳಿದರು: "ಶನಿವಾರ ಮಧ್ಯಾಹ್ನ ಎರಡು ತಾಸು ಅಜ್ಜಿ ಹತ್ರ ಕೂತಿರ್ತೀಯೇನೋ? ಕಾಲಲ್ಲಿ ಸಣ್ಣ ಗಾಯ ಆಗಿದೆ, ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರ್ತೀನಿ." ನಾನು, "ಈ ಶನಿವಾರ ಮ್ಯಾಚ್ ಇದೆ ಅಮ್ಮ, ಮುಂದಿನ ವಾರ ನೋಡೋಣ" ಎಂದೆ. ಮುಂದಿನ ವಾರ ಪರೀಕ್ಷೆ. ಅದರ ಮುಂದಿನ ವಾರ ತಂದೆಗೆ ರಜೆ ಸಿಗಲಿಲ್ಲ. ಯಾರೂ ಆಗುವುದಿಲ್ಲ ಎಂದು ಹೇಳಲಿಲ್ಲ. ಎಲ್ಲರಿಗೂ ಒಂದೊಂದು ಕಾರಣವಿತ್ತು, ಅಷ್ಟೆ. ಅಮ್ಮ ಮತ್ತೆ ಕೇಳಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದರು. ಎರಡು ತಿಂಗಳಾದ ಮೇಲೆ ಜ್ವರ ಬಂದು ಮಲಗಿದಾಗ ಆಸ್ಪತ್ರೆಗೆ ಕರೆದೊಯ್ದೆವು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಅವರು ಆಸ್ಪತ್ರೆಯಲ್ಲಿದ್ದ ಹದಿನೈದು ದಿನ ನಮ್ಮ ಮನೆಯಲ್ಲಿ ಏನಾಯಿತು ಗೊತ್ತೆ? ತಂದೆ ರಜೆ ಹಾಕಿದರು. ಅಕ್ಕ ಗಂಡನ ಮನೆಯಿಂದ ಬಂದಳು. ಚಿಕ್ಕಮ್ಮ ಬಂದರು. ನಾನು ಕಾಲೇಜು ಬಿಟ್ಟು ಕುಳಿತೆ. ಒಬ್ಬರೇ ಮಾಡುತ್ತಿದ್ದ ಕೆಲಸಕ್ಕೆ ನಾಲ್ಕು ಜನ ಬೇಕಾಯಿತು. ಆದರೂ ಅಜ್ಜಿ ಸೊರಗಿದರು. ಅವರು ಎಡಗೈಯನ್ನು ಮಂಚದ ಪಟ್ಟಿಗೆ ಎರಡು ಸಲ ಬಡಿಯುತ್ತಿದ್ದರು. ನೋವಿರಬೇಕೆಂದು ನಾವು ಕಾಲು ಒತ್ತುತ್ತಿದ್ದೆವು. ಎರಡು ಸಲ ಬಡಿದರೆ ನೀರು ಬೇಕು ಎಂದರ್ಥ. ಅದು ಅಮ್ಮನೊಬ್ಬರಿಗೇ ಗೊತ್ತಿತ್ತು.

ಈ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಿ. ಆರೈಕೆದಾರರಿಗೆ ಬಿಡುವು ಸಿಗದಿದ್ದರೆ ಒಬ್ಬ ರೋಗಿಯಿದ್ದ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ಆರೈಕೆಯ ಕ್ರಮ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಅವರು ಮಲಗಿದ ದಿನ ರೋಗಿಗೆ ನೀರು ಕೊಡುವವರೂ ಇರುವುದಿಲ್ಲ.

ಈ ಕೆಲಸದ ಭಾರ ಎಷ್ಟು?

ನಮ್ಮ ಮನೆಯ ಕಥೆ ಎಲ್ಲೋ ಒಂದು ಕಡೆ ನಡೆದದ್ದು ಎಂದುಕೊಳ್ಳಬೇಡಿ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ. ಅದೇ ಜನಗಣತಿಯಲ್ಲಿ ಅಂಗವಿಕಲರೆಂದು ದಾಖಲಾದವರು 2.68 ಕೋಟಿ. ಡಿಮೆನ್ಶಿಯಾ, ಅಂದರೆ ನಾವು ಮರೆಗುಳಿ ಕಾಯಿಲೆ ಎನ್ನುವ ರೋಗವು, 60 ದಾಟಿದವರಲ್ಲಿ ಶೇಕಡ 7.4ರಷ್ಟು ಜನರಿಗೆ ಇದೆ, ಒಟ್ಟು ಸುಮಾರು 88 ಲಕ್ಷ ಮಂದಿ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಜನರನ್ನು ನೋಡಿಕೊಳ್ಳುತ್ತಿರುವುದು ಆಸ್ಪತ್ರೆಯಲ್ಲ, ಆಶ್ರಮವೂ ಅಲ್ಲ. ಮನೆ.

ಮನೆ ಎಂದರೆ ಮನೆಯೊಳಗಿನ ಯಾರು? ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ಜನರು ದಿನದ 24 ಗಂಟೆಗಳನ್ನು ಯಾವ ಯಾವ ಕೆಲಸಕ್ಕೆ ಕಳೆಯುತ್ತಾರೆ ಎಂಬುದನ್ನು ಈ ಸಮೀಕ್ಷೆ ಲೆಕ್ಕ ಹಾಕುತ್ತದೆ. 15ರಿಂದ 59 ವರ್ಷದೊಳಗಿನ ಹೆಂಗಸರಲ್ಲಿ ಶೇಕಡ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಅಂಥವರು ಶೇಕಡ 21.4 ಮಾತ್ರ. ಹಾಗೆ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 140 ನಿಮಿಷ ಈ ಕೆಲಸ ಮಾಡಿದರೆ ಗಂಡಸರು 74 ನಿಮಿಷ ಮಾಡಿದರು. ಮಕ್ಕಳ ಪಾಲನೆಯೂ ಈ ಲೆಕ್ಕದಲ್ಲಿ ಸೇರಿದೆ, ನಿಜ. ಆದರೆ ಭಾರ ಯಾರ ಕಡೆಗೆ ವಾಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಓದು ಬಿಟ್ಟು ನಿಲ್ಲಬೇಕಾದ ಪ್ರಸಂಗ ಬಂದರೆ, ಅದು ಮಗನಿಗಿಂತ ಮೊದಲು ಮಗಳಿಗೆ ಬರುವುದನ್ನು ನೀವೂ ನಿಮ್ಮ ತರಗತಿಯಲ್ಲಿ ಕಂಡಿರಬಹುದು.

ನಿಮಿಷಗಳ ಲೆಕ್ಕಕ್ಕೆ ಸಿಗದ ಭಾರವೂ ಒಂದಿದೆ. ಅದು ಎಚ್ಚರದಿಂದಿರುವ ಭಾರ. ಕಾರ್ಖಾನೆಯ ಕೆಲಸಗಾರನಿಗೆ ಪಾಳಿ ಮುಗಿದರೆ ಮನೆಗೆ ಹೋಗಬಹುದು. ಆರೈಕೆದಾರರಿಗೆ ಪಾಳಿಯೇ ಇಲ್ಲ. ಅವರು ಊಟಕ್ಕೆ ಕುಳಿತಾಗಲೂ ಒಂದು ಕಿವಿ ಪಕ್ಕದ ಕೋಣೆಯ ಕಡೆಗೇ ಇರುತ್ತದೆ. ಮಲಗಿದಾಗಲೂ ಪೂರ್ತಿ ನಿದ್ದೆಯಿಲ್ಲ. ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆದರೆ ದೇಹ ಮತ್ತು ಮನಸ್ಸು ಎರಡೂ ಸವೆಯುತ್ತವೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವು, ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾಲ್ಕು ವರ್ಷಗಳ ಕಾಲ ಗಮನಿಸಿತು. ಆರೈಕೆಯ ಕೆಲಸದಿಂದ ಒತ್ತಡ ಅನುಭವಿಸುತ್ತಿದ್ದವರಲ್ಲಿ ಸಾವಿನ ಅಪಾಯ, ಅಂಥ ಹೊಣೆಯಿಲ್ಲದ ಅದೇ ವಯಸ್ಸಿನವರಿಗಿಂತ ಶೇಕಡ 63ರಷ್ಟು ಹೆಚ್ಚಾಗಿತ್ತು. ಇನ್ನೊಂದು ಮಾತನ್ನೂ ಗಮನಿಸಿ. ಆರೈಕೆ ಮಾಡುತ್ತಿದ್ದರೂ ಒತ್ತಡವಿಲ್ಲ ಎಂದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಅಂದರೆ ಆರೈಕೆ ಮಾಡುವುದೇ ಅಪಾಯವಲ್ಲ. ದಣಿವಾರಿಸಿಕೊಳ್ಳಲು ಅವಕಾಶವಿಲ್ಲದೆ, ಒತ್ತಡದಲ್ಲಿ ಮಾಡುವುದು ಅಪಾಯ.

ಧಾರಾವಾಹಿಯಿಂದ ಹುಟ್ಟಿದ ಒಂದು ಸೇವೆ

ಈ ಬಿಡುವನ್ನು ವ್ಯವಸ್ಥಿತವಾಗಿ ಕೊಡುವುದು ಹೇಗೆ? ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಇದೆ. ನಾವು ಮಾತನಾಡುತ್ತಿರುವುದು ಟೆಲಿವಿಷನ್ನಿನಲ್ಲಿ, ಆ ಸೇವೆ ಹುಟ್ಟಿದ್ದೂ ಟೆಲಿವಿಷನ್ನಿನಿಂದಲೇ.

ಅದಕ್ಕೂ ಮುಂಚಿನ ಒಂದು ಮಾತು. ಮೇರಿ ವೆಬ್‌ಸ್ಟರ್ ಎಂಬ ಕ್ರೈಸ್ತ ಧರ್ಮಬೋಧಕಿ 1954ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳಲು ಉದ್ಯೋಗ ಬಿಟ್ಟು ಮನೆ ಸೇರಿದರು. 1963ರಲ್ಲಿ ಅವರು ಪತ್ರಿಕೆಗಳಿಗೆ ಪತ್ರ ಬರೆದು ತಮ್ಮಂಥವರ ಕಷ್ಟವನ್ನು ಮುಂದಿಟ್ಟರು. ಅದೇ ಸ್ಥಿತಿಯಲ್ಲಿದ್ದ ಹೆಂಗಸರಿಂದ ಉತ್ತರಗಳು ಬಂದವು. 1965ರಲ್ಲಿ ಅವರದೇ ಒಂದು ಸಂಘಟನೆ ಹುಟ್ಟಿತು. ತಾನೊಬ್ಬಳೇ ಹೀಗೆ ಎಂದುಕೊಂಡಿದ್ದವರಿಗೆ ತಾವು ಅನೇಕರು ಎಂದು ತಿಳಿದದ್ದು ಆಗ.

ಇನ್ನು ಧಾರಾವಾಹಿಯ ವಿಷಯ. 1964ರಿಂದ ಎಟಿವಿ ಎಂಬ ಸಂಸ್ಥೆ 'ಕ್ರಾಸ್‌ರೋಡ್ಸ್' ಎಂಬ ಧಾರಾವಾಹಿಯನ್ನು ಪ್ರಸಾರ ಮಾಡುತ್ತಿತ್ತು. ಬರ್ಮಿಂಗ್‌ಹ್ಯಾಮ್ ನಗರದ ಹತ್ತಿರದ್ದೆಂದು ಕಲ್ಪಿಸಿದ ಒಂದು ವಸತಿಗೃಹದ ಕಥೆ ಅದು. 1970ರ ದಶಕದ ಆರಂಭದಲ್ಲಿ ಅದರ ಒಬ್ಬ ಯುವಕನ ಪಾತ್ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಸೇರುತ್ತದೆ. ಈ ಪಾತ್ರದ ವಿಷಯದಲ್ಲಿ ಧಾರಾವಾಹಿಯವರಿಗೆ ಸಲಹೆ ಕೊಟ್ಟವನು ರಗ್ಬಿ ಪಟ್ಟಣದಲ್ಲಿದ್ದ ಅಂಥದೇ ಒಬ್ಬ ತರುಣ. ಅವನನ್ನು ನೋಡಿಕೊಳ್ಳುತ್ತಿದ್ದವರು ಅವನ ತಾಯಿ. ತೆರೆಯ ಮೇಲಿನ ಯುವಕನಿಗೆ ಸುತ್ತಲೂ ಜನ. ನಿಜವಾದ ಮನೆಯಲ್ಲಿ ಒಬ್ಬಳೇ ತಾಯಿ. ಈ ಪರಿಚಯದಿಂದ ಒಂದು ಯೋಜನೆ ರೂಪುಗೊಂಡಿತು. ಟೆಲಿವಿಷನ್ ಸಂಸ್ಥೆ 10,000 ಪೌಂಡು ಕೊಟ್ಟಿತು. 1974ರಲ್ಲಿ ರಗ್ಬಿಯಲ್ಲಿ ಪ್ರಯೋಗವಾಗಿ ಸೇವೆ ಆರಂಭವಾಯಿತು. ಧಾರಾವಾಹಿಯ ಹೆಸರೇ ಅದಕ್ಕೂ ಬಂತು.

ಅದರ ಕ್ರಮ ಬಹಳ ಸರಳ. ತರಬೇತಿ ಪಡೆದ, ಸಂಬಳ ಪಡೆಯುವ ಒಬ್ಬ ಸಹಾಯಕರು ಗೊತ್ತಾದ ಹೊತ್ತಿಗೆ ಮನೆಗೆ ಬರುತ್ತಾರೆ. ಮನೆಯವರು ಯಾವ ಕೆಲಸವನ್ನು ಹೇಗೆ ಮಾಡುತ್ತಾರೋ ಅದನ್ನು ಹಾಗೆಯೇ ಮಾಡುತ್ತಾರೆ. ಆ ಹೊತ್ತಿನಲ್ಲಿ ಮನೆಯವರು ಹೊರಗೆ ಹೋಗಬಹುದು, ಮಲಗಬಹುದು, ಏನೂ ಮಾಡದೆ ಕುಳಿತಿರಲೂಬಹುದು. ಒಂದು ಪಟ್ಟಣದಲ್ಲಿ ಆರಂಭವಾದ ಈ ಸೇವೆ ದೇಶದ ಬೇರೆ ಕಡೆಗಳಿಗೂ ಹರಡಿತು. 2012ರಲ್ಲಿ ಅದು ಇನ್ನೊಂದು ಸಂಸ್ಥೆಯೊಂದಿಗೆ ಸೇರಿ 'ಕೇರರ್ಸ್ ಟ್ರಸ್ಟ್' ಆಯಿತು. ಕಾನೂನೂ ಹಿಂದೆಯೇ ಬಂತು. 1995ರ ಕಾಯಿದೆ ಮನೆಯ ಆರೈಕೆದಾರರನ್ನು ಗುರುತಿಸಿತು. 2014ರ ಕಾಯಿದೆಯಂತೆ ಇಂಗ್ಲೆಂಡಿನಲ್ಲಿ ಆರೈಕೆದಾರರ ಅಗತ್ಯಗಳೇನೆಂದು ಸ್ಥಳೀಯ ಆಡಳಿತವು ಪ್ರತ್ಯೇಕವಾಗಿ ವಿಚಾರಿಸಲೇಬೇಕು. ಕಾಫಿ ತಂದವರನ್ನು ಕೇಳುವ ಪ್ರಶ್ನೆ ಅಲ್ಲಿ ಕಾನೂನಾಯಿತು.

ನಮ್ಮ ಕಡೆ

ಇದೆಲ್ಲ ಶ್ರೀಮಂತ ದೇಶಗಳ ಮಾತು, ನಮಗೆ ಹೊಸದು ಎಂದು ನಿಮಗೆ ಅನ್ನಿಸಬಹುದು. ಹೆಸರು ಹೊಸದು, ತತ್ವ ಹೊಸದಲ್ಲ. ನಮ್ಮ ರೈತರಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು ಬರುತ್ತಾರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು ಬರುತ್ತಾರೆ. ಕೂಲಿಯ ಮಾತಿಲ್ಲ, ಋಣದ ಮಾತೂ ಇಲ್ಲ. ಮನೆಯ ಆರೈಕೆಯಲ್ಲೂ ಹಾಗೆಯೇ ಇತ್ತು. ಕೂಡು ಕುಟುಂಬದಲ್ಲಿ ನಾಲ್ವರು ಸೊಸೆಯರಿದ್ದರೆ ಸರದಿಯ ಮೇಲೆ ಮುದುಕರನ್ನು ನೋಡಿಕೊಳ್ಳುತ್ತಿದ್ದರು. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುವುದೂ ಒಂದು ಬಗೆಯ ಬಿಡುವೇ. ಆ ವ್ಯವಸ್ಥೆಯಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕಿರಿಯ ಸೊಸೆಯ ಮೇಲೆಯೇ ಭಾರ ಬೀಳುತ್ತಿದ್ದ ಮನೆಗಳೂ ಇದ್ದವು. ಆದರೆ ಹೆಗಲು ಬದಲಾಯಿಸಲು ಜನ ಇದ್ದರು. ಇಂದು ಮನೆಗಳು ಚಿಕ್ಕವಾಗಿವೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹೆಗಲು ಬದಲಾಯಿಸುವವರು ಇಲ್ಲದೆ ಒಬ್ಬರೇ ಹೊರುತ್ತಿದ್ದಾರೆ.

ನಮ್ಮ ನೆರೆಯಲ್ಲೇ ಇದಕ್ಕೆ ಎರಡು ಒಳ್ಳೆಯ ಪ್ರಯತ್ನಗಳು ನಡೆದಿವೆ. ಗೋವಾದಲ್ಲಿ ಮರೆಗುಳಿ ಕಾಯಿಲೆಯವರಿರುವ 81 ಕುಟುಂಬಗಳೊಂದಿಗೆ ಒಂದು ಪ್ರಯೋಗ ಮಾಡಿದರು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಸಲಹೆಗಾರರು ಮನೆಗೇ ಹೋಗಿ ಆರೈಕೆದಾರರಿಗೆ ದಾರಿ ತೋರಿಸಿದರು. ಆರು ತಿಂಗಳ ನಂತರ ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿತ್ತು. ಇದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಇದು ಪೂರ್ತಿಯಾಗಿ ಬಿಡುವಿನ ಆರೈಕೆಯಲ್ಲ. ಆದರೂ ಮನೆಯ ಬಾಗಿಲಿಗೆ ಒಬ್ಬರು ಬಂದು ನಿಂತರೆ ಎಷ್ಟು ಆಗುತ್ತದೆ ಎಂಬುದನ್ನು ಅದು ತೋರಿಸಿತು.

ಇನ್ನೊಂದು ಪ್ರಯತ್ನ ಕೇರಳದ್ದು. 1993ರಲ್ಲಿ ಕೋಳಿಕೋಡಿನಲ್ಲಿ ನೋವು ಶಮನ ಮತ್ತು ಉಪಶಾಮಕ ಆರೈಕೆಯ ಒಂದು ಸಂಘ ಆರಂಭವಾಯಿತು. ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ಅವರನ್ನು ಸಮಾಧಾನವಾಗಿಡುವುದು ಅದರ ಉದ್ದೇಶ. ಅನಂತರ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ಊರಿನವರೇ ಸ್ವಯಂಸೇವಕರಾಗಿ ಮುಂದೆ ಬಂದರು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರಿಗೆ ತರಬೇತಿ ಕೊಟ್ಟು, ನರ್ಸುಗಳ ಜೊತೆಯಲ್ಲಿ ಮನೆಮನೆಗೆ ಕಳುಹಿಸಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಒಂದು ನೀತಿಯನ್ನೇ ಪ್ರಕಟಿಸಿತು. ವಾರಕ್ಕೆ ಎರಡು ಗಂಟೆ! ಒಂದು ಸಿನಿಮಾ ನೋಡುವುದಕ್ಕಿಂತ ಕಡಿಮೆ ಹೊತ್ತು.

ಕರ್ನಾಟಕದಲ್ಲೂ ಕೆಲಸ ನಡೆದಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕರುಣಾಶ್ರಯ ಸಂಸ್ಥೆ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವುದರ ಜೊತೆಗೆ ಅವರ ಮನೆಗಳಿಗೂ ಹೋಗಿ ಸೇವೆ ಮಾಡುತ್ತ ಬಂದಿದೆ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ವೃದ್ಧರ, ಅದರಲ್ಲೂ ಮರೆಗುಳಿ ಕಾಯಿಲೆಯವರ, ಸೇವೆಯಲ್ಲಿ ತೊಡಗಿದೆ. ಕಾನೂನಿನಲ್ಲೂ ಆಧಾರವಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮೊದಲಾದ ತೊಂದರೆಯಿರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಬಿಡುವಿನ ಆರೈಕೆಯ ಮಾತು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಸಂಬಳವಿಲ್ಲದೆ ನೋಡಿಕೊಳ್ಳುವ ತಂದೆತಾಯಿಯರನ್ನೂ ಆರೈಕೆದಾರರೆಂದು ಹೆಸರಿಸಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ವಿಷಯವನ್ನೂ ಹೇಳುತ್ತದೆ. ಆದರೆ ಕಾಯಿದೆಯ ಪುಟದಿಂದ ತಾಲ್ಲೂಕಿನ ಒಂದು ಮನೆಯ ಹೊಸ್ತಿಲಿಗೆ ಬಹಳ ದೂರವಿದೆ. ಆ ದೂರವನ್ನು ಕಡಿಮೆ ಮಾಡಬೇಕಾದವರು ಸರ್ಕಾರದವರೂ ಹೌದು, ನಾವೂ ಹೌದು.

ಮನೆಯಲ್ಲೇ ಏಕೆ?

ರೋಗಿಯನ್ನೇ ಕೆಲವು ದಿನ ಬೇರೆ ಕಡೆ ಇರಿಸಿದರಾಗದೆ ಎಂದು ನೀವು ಕೇಳಬಹುದು. ಅದೂ ಒಂದು ಮಾರ್ಗ. ಹಗಲು ಆರೈಕೆ ಕೇಂದ್ರಗಳೂ, ಕೆಲವು ದಿನ ಇರಿಸಿಕೊಳ್ಳುವ ಕೇಂದ್ರಗಳೂ ಇವೆ. ಆದರೆ ಮನೆಯಲ್ಲೇ ಬಿಡುವು ಕೊಡುವುದರಲ್ಲಿ ಕೆಲವು ಅನುಕೂಲಗಳಿವೆ. ಮರೆಗುಳಿ ಕಾಯಿಲೆಯವರಿಗೆ ಹೊಸ ಜಾಗ ಗಾಬರಿ ತರುತ್ತದೆ. ಬಚ್ಚಲು ಎಲ್ಲಿ, ಕಿಟಕಿ ಎಲ್ಲಿ ಎಂಬ ಹಳೆಯ ಗುರುತುಗಳೇ ಅವರಿಗೆ ಆಸರೆ. ಹಾಸಿಗೆ ಹಿಡಿದವರನ್ನು ಸಾಗಿಸುವುದೇ ಒಂದು ದೊಡ್ಡ ಕೆಲಸ. ಹಳ್ಳಿಗಳಲ್ಲಿ ಕೇಂದ್ರ ಇರುವುದೂ ಅಪರೂಪ. ಬರುವವರು ಮನೆಗೇ ಬಂದರೆ ರೋಗಿಯ ದಿನಚರಿ ಕೆಡುವುದಿಲ್ಲ.

ತೊಡಕುಗಳೂ ಇವೆ. ಮೊದಲನೆಯದು, "ಜನ ಏನಂದಾರು?" ಎಂಬ ಅಳುಕು. ಅತ್ತೆಯನ್ನು ಬೇರೆಯವರ ಕೈಗೆ ಕೊಟ್ಟು ಸೊಸೆ ತಿರುಗಾಡಲು ಹೋದಳು ಎನ್ನುವ ಬಾಯಿಗಳು ಪ್ರತಿ ಬೀದಿಯಲ್ಲೂ ಇರುತ್ತವೆ. ಆ ಬಾಯಿಗಳಿಗಿಂತ ಕಠಿಣವಾದದ್ದು ಒಳಗಿನ ಅಪರಾಧ ಭಾವನೆ. ನಾನಿಲ್ಲದಾಗ ಏನಾದರೂ ಆದರೆ ಎಂಬ ಭಯ. ಎರಡನೆಯದು, ರೋಗಿಯೇ ಹೊಸಬರನ್ನು ಒಪ್ಪದಿರುವುದು. ಮೂರನೆಯದು ಹಣ. ಏಜೆನ್ಸಿಗಳ ಮೂಲಕ ಬರುವ ಹೋಂ ನರ್ಸುಗಳ ಖರ್ಚು ಸಾಮಾನ್ಯ ಕುಟುಂಬಕ್ಕೆ ಹೊರೆಯಾಗುತ್ತದೆ. ಹೋಂ ನರ್ಸ್ ಎಂದು ಬಂದವರೆಲ್ಲರೂ ನರ್ಸಿಂಗ್ ಓದಿದವರೇ ಆಗಿರಬೇಕೆಂದಿಲ್ಲ. ಅವರ ಗುರುತಿನ ಚೀಟಿ, ಹಿಂದಿನ ಅನುಭವ ವಿಚಾರಿಸಿಯೇ ಸೇರಿಸಿಕೊಳ್ಳಬೇಕು.

ಈ ತೊಡಕುಗಳಿಗೆ ಒಂದೇ ಉತ್ತರ: ಸಣ್ಣದಾಗಿ, ಕ್ರಮವಾಗಿ ಆರಂಭಿಸುವುದು. ಮೊದಲ ಒಂದೆರಡು ಸಲ ಆರೈಕೆದಾರರು ಮನೆಯಲ್ಲೇ ಇರಬೇಕು, ಹೊಸಬರು ಜೊತೆಯಲ್ಲಿ ಕುಳಿತು ನೋಡಬೇಕು. ಆಮೇಲೆ ಅರ್ಧ ಗಂಟೆ ಬಿಟ್ಟು ನೋಡುವುದು. ಆಮೇಲೆ ಎರಡು ಗಂಟೆ. ದಿನ ಮತ್ತು ವೇಳೆ ನಿಗದಿಯಾಗಿರಬೇಕು. "ಯಾವಾಗಲಾದರೂ ಬೇಕಾದರೆ ಹೇಳಿ" ಎಂಬ ಮಾತಿನಿಂದ ಯಾರಿಗೂ ಬಿಡುವು ಸಿಕ್ಕಿಲ್ಲ. "ಮಂಗಳವಾರ ಮೂರು ಗಂಟೆಗೆ ಬರುತ್ತೇನೆ" ಎಂಬ ಮಾತಿನಿಂದ ಸಿಗುತ್ತದೆ.

ಒಂದು ನೋಟ್‌ಬುಕ್

ನೀವು ಇಂದೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇಂಥವರಿದ್ದರೆ ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಆರೈಕೆ ಮಾಡುವವರ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಬೆಳಗಿನಿಂದ ರಾತ್ರಿಯವರೆಗಿನ ದಿನಚರಿ. ಯಾವ ಔಷಧಿ, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ. ಯಾವ ಔಷಧಿ ಒಗ್ಗುವುದಿಲ್ಲ. ಊಟ ಗಟ್ಟಿಯೋ ತೆಳುವೋ. ರೋಗಿಯ ಸನ್ನೆಗಳು ಮತ್ತು ಅವುಗಳ ಅರ್ಥ. ಏನು ಮಾಡಿದರೆ ಸಿಟ್ಟು ಬರುತ್ತದೆ, ಯಾವ ಹಾಡು ಹಾಕಿದರೆ ಸಮಾಧಾನವಾಗುತ್ತಾರೆ. ವೈದ್ಯರ, ಹತ್ತಿರದ ಬಂಧುಗಳ ಫೋನ್ ನಂಬರುಗಳು. ಈ ಪುಸ್ತಕ ಇದ್ದರೆ ಆರೈಕೆ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗಬಲ್ಲದು. ನಮ್ಮ ಮನೆಯಲ್ಲಿ ಅದು ಇದ್ದಿದ್ದರೆ ಅಜ್ಜಿ ಬಾಯಾರಿಕೊಂಡು ಮಲಗಿರುತ್ತಿರಲಿಲ್ಲ.

ಕುಳಿತಿರುವ ಕೆಲಸಕ್ಕೂ ಕೆಲವು ಕಿವಿಮಾತುಗಳಿವೆ. ತಾವಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕಾಗುತ್ತದೆ. ಇಲ್ಲದಿದ್ದರೆ ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಸಂದಿನ ಮೂಳೆಯ ಮೇಲೆ ಹಾಸಿಗೆ ಹುಣ್ಣು ಏಳುತ್ತದೆ. ನುಂಗಲು ಕಷ್ಟವಾಗುವವರಿಗೆ ಮಲಗಿದಂತೆಯೇ ನೀರು, ಗಂಜಿ ಕೊಡಬಾರದು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಸಣ್ಣ ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಡಬೇಕು. ಕೊಟ್ಟ ತಕ್ಷಣ ಮಲಗಿಸಬಾರದು. ಮರೆಗುಳಿ ಕಾಯಿಲೆಯವರು ಸಂಜೆಯ ಹೊತ್ತಿಗೆ ಎದ್ದು ಹೊರಟುಬಿಡಬಹುದು. ವಾದ ಮಾಡಬೇಡಿ, ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು ಮಾತು ಬದಲಾಯಿಸಿ ಕರೆತನ್ನಿ.

ನೀವು ಮಾಡಬಾರದ್ದೂ ಇದೆ. ಕಲಿಯದೆ ಯಾರನ್ನೂ ಎತ್ತಬೇಡಿ, ನಿಮಗೂ ಪೆಟ್ಟು, ಅವರಿಗೂ ಪೆಟ್ಟು. ಇಂಜೆಕ್ಷನ್, ನಳಿಕೆಯ ಆಹಾರ ಇವು ತರಬೇತಿಯಿಲ್ಲದವರ ಕೆಲಸವಲ್ಲ. ದೊಡ್ಡವರಿಗೆ ತಿಳಿಸದೆ ಒಬ್ಬರೇ ಹೊಣೆ ಹೊರಬೇಡಿ. ನೀವೇ ಶಾಲೆ ಬಿಟ್ಟು ಮನೆಯಲ್ಲಿ ಆರೈಕೆ ಮಾಡುತ್ತಿರುವವರಾದರೆ ಅದನ್ನು ಮುಚ್ಚಿಡಬೇಡಿ. ನಂಬಿಕೆಯಿರುವ ಒಬ್ಬ ಅಧ್ಯಾಪಕರಿಗೆ ಹೇಳಿ. ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸು ಕುಗ್ಗಿದಾಗ ಮಾತನಾಡಲು ಟೆಲಿ ಮನಸ್ ಸಹಾಯವಾಣಿ 14416 ಇವೆ. ಇವು ಆರೈಕೆದಾರರಿಗೂ ತೆರೆದಿವೆ.

ಕಾಲೇಜಿನ ಎನ್ನೆಸ್ಸೆಸ್ ಘಟಕಗಳು ಇದನ್ನು ಒಂದು ಕಾರ್ಯಕ್ರಮವಾಗಿ ಏಕೆ ಎತ್ತಿಕೊಳ್ಳಬಾರದು? ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಅವರನ್ನು ಕರೆಸಿ ತರಬೇತಿ ಪಡೆದು, ಇಬ್ಬಿಬ್ಬರಾಗಿ, ವಾರಕ್ಕೆ ಎರಡು ಗಂಟೆ ಒಂದು ಮನೆಗೆ. ಹುಡುಗರೂ ಹೋಗಬೇಕು, ಹುಡುಗಿಯರೂ ಹೋಗಬೇಕು. ಆ ಎರಡು ಗಂಟೆಯಲ್ಲಿ ನಿಮಗೂ ಏನೋ ಸಿಗುತ್ತದೆ. ಮುಪ್ಪು ಮತ್ತು ಕಾಯಿಲೆಯನ್ನು ಹತ್ತಿರದಿಂದ ಕಂಡವರಿಗೆ ಅವುಗಳ ಭಯ ಸ್ವಲ್ಪ ಕಡಿಮೆಯಾಗುತ್ತದೆ.

ನಮ್ಮ ಮನೆಯ ಕಥೆಯ ಕೊನೆಯ ಭಾಗ ಹೇಳಿ ಮುಗಿಸುತ್ತೇನೆ. ತಾಯಿ ಆಸ್ಪತ್ರೆಯಿಂದ ಬಂದ ಮೇಲೆ ಎದುರು ಮನೆಯ ನಿವೃತ್ತ ಟೀಚರಮ್ಮ ತಾವಾಗಿ ಬಂದು, "ಮಂಗಳವಾರ ಶುಕ್ರವಾರ ಮೂರರಿಂದ ಐದರವರೆಗೆ ನಾನಿರ್ತೀನಿ. ನೀವು ಏನಾದರೂ ಮಾಡ್ಕೊಳ್ಳಿ" ಎಂದರು. ಶನಿವಾರ ಮಧ್ಯಾಹ್ನದ ಹೊತ್ತು ನನ್ನದಾಯಿತು. ಮೊದಲ ಮಂಗಳವಾರ ಅಮ್ಮ ಎಲ್ಲಿಗೂ ಹೋಗಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಕುಳಿತರು. ಕಂಬಕ್ಕೆ ಒರಗಿದವರು ಹಾಗೆಯೇ ನಿದ್ದೆ ಹೋದರು. ಐದು ಗಂಟೆಗೆ ಟೀಚರಮ್ಮ ಅವರನ್ನು ಎಬ್ಬಿಸಲಿಲ್ಲ, ಆರರವರೆಗೆ ಕುಳಿತರು. ಅಜ್ಜಿ ಆಮೇಲೆ ಒಂದು ವರ್ಷ ಬದುಕಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಸಿಡುಕಿನ ಮಾತು ಕಡಿಮೆಯಾಗಿತ್ತು. ಎರಡು ಸಲ ಬಡಿದರೆ ನೀರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಮ್ಮನ ಬೆರಳುಗಳು ಮಾತ್ರ ಹಿಂದಕ್ಕೆ ಬರಲಿಲ್ಲ. ಅವರು ಈಗಲೂ ಕುಂಟುತ್ತ ನಡೆಯುತ್ತಾರೆ, ನನ್ನನ್ನು ಒಂದು ದಿನವೂ ಆಕ್ಷೇಪಿಸಿಲ್ಲ. ನನಗೆ ಮಾತ್ರ ಆ ಶನಿವಾರದ ಮ್ಯಾಚಿನಲ್ಲಿ ಗೆದ್ದವರು ಯಾರೆಂದೂ ನೆನಪಿಲ್ಲ.

ಮುಂದಿನ ಸಲ ಕಾಯಿಲೆಯವರ ಮನೆಗೆ ಹೋದಾಗ, ಕಾಫಿ ತಂದವರನ್ನೂ ಕೂರಿಸಿಕೊಂಡು ಅದೇ ಮೂರು ಪ್ರಶ್ನೆ ಕೇಳಿ. ಹೇಗಿದ್ದೀರಿ? ಊಟ ಆಯಿತೇ? ನಿದ್ದೆ ಮಾಡಿದಿರಾ? ಆಮೇಲೆ ಗಡಿಯಾರ ನೋಡಿ, ಬರುವ ವಾರ ಯಾವ ದಿನ, ಎಷ್ಟು ಗಂಟೆಗೆ ನೀವು ಬಂದು ಕೂರಬಲ್ಲಿರಿ ಎಂದು ಹೇಳಿ. ಹೇಳಿದ ಹೊತ್ತಿಗೆ ಹೋಗಿ.